ಬೇಲಿಯ ಮೇಲಿನ ಅಗ್ನಿಶಿಖೆ

ಕ್ಯಾಸಂಬಳ್ಳಿಯ ಕಡೆ ಮನೆಯ ಮುಂದೆ ಹೂದೋಟ ಮಾಡಬೇಕೆನ್ನುವವರು ಮೊದಲು ವಿಚಾರಿಸಬೇಕಾದುದು ಹೂವಿನ ಹೆಸರನ್ನಲ್ಲ, ನೀರಿನ ಸಂಗತಿಯನ್ನು. ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲ. ಬೀಳುವ ಸುಮಾರು 700 ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲು ಆಗಸ್ಟಿನಿಂದ ಅಕ್ಟೋಬರಿನೊಳಗೆ ಬಂದು ಹೋಗುತ್ತದೆ. ನೆಲದಾಳದಿಂದ ಚಿನ್ನವನ್ನು ತೆಗೆದ ನೆರೆಯ ಗಣಿಯ ಊರಿಗೂ ನೀರನ್ನು ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ತರಬೇಕಾಗಿತ್ತು. ಇಂತಹ ಸೀಮೆಯಲ್ಲಿ ಗುಲಾಬಿಯನ್ನು ಸಾಕುವುದೆಂದರೆ ಮನೆಯ ಕೊಡಪಾನಕ್ಕೆ ಮತ್ತೊಬ್ಬ ಪಾಲುಗಾರನನ್ನು ತಂದುಕೊಂಡಂತೆ.

ಅದಕ್ಕಿಂತ, ಬಯಲುಸೀಮೆಯ ಕುರುಚಲು ಕಾಡಿನಲ್ಲಿಯೂ ಬೇಲಿಗಳಲ್ಲಿಯೂ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಅಗ್ನಿಶಿಖೆಯನ್ನು ಮನೆಗೆ ಕರೆತರಬಾರದೇಕೆ? ಗೌರಿಹಬ್ಬದ ಸುಮಾರಿಗೆ ಅರಳುವ ಇದಕ್ಕೆ ಗೌರಿಹೂವೆಂದೂ ಹೆಸರುಂಟು. ಗಣಿಯ ಊರಿನ ತಮಿಳು ಮನೆಗಳಲ್ಲಿ ಕೇಳಿದರೆ ಕಾರ್ತಿಗೈಪ್ಪೂ ಎಂದಾರು. ತಮಿಳುನಾಡಿನ ರಾಜ್ಯಪುಷ್ಪವೇ ಇದು. ಸಸ್ಯಶಾಸ್ತ್ರಜ್ಞರಿಗೆ ಇದು ಗ್ಲೋರಿಯೋಸಾ ಸುಪರ್ಬಾ.

ಬೇಸಗೆಯನ್ನು ಗೆಲ್ಲುವ ಇದರ ಉಪಾಯ ಬಲು ಸರಳ: ಬೇಸಗೆಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ! ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗಿ ಬೀಳುತ್ತದೆ. ನೆಲದೊಳಗೆ ನೇಗಿಲಿನಂತೆ ಬಾಗಿದ ಗೆಡ್ಡೆಯೊಂದು ತಿಂಗಳುಗಟ್ಟಲೆ ಮಲಗಿದ್ದು, ಮಳೆ ಬಿದ್ದೊಡನೆ ಚಿಗುರುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ ಕಡ್ಡಿಯನ್ನು ಹಿಡಿದು ಮೇಲೇರುತ್ತದೆ.

ಹೂವನ್ನು ನಿಂತು ನೋಡಬೇಕು. ಅಲೆಯಲೆಯಾದ ಆರು ದಳಗಳು ಮೊದಲು ಹಸುರು, ಆಮೇಲೆ ಹಳದಿ, ಕೊನೆಗೆ ಕಡುಗೆಂಪಾಗಿ, ಹಿಂದಕ್ಕೆ ಬಾಗಿ ಜ್ವಾಲೆಯಂತೆ ಮೇಲಕ್ಕೇಳುತ್ತವೆ. ಕೇಸರಗಳು ಸುತ್ತಲೂ ಹರಡಿದರೆ, ಶಲಾಕೆ ಮಾತ್ರ ಬುಡದಲ್ಲಿಯೇ ಮುರಿದಿಟ್ಟಂತೆ ಪಕ್ಕಕ್ಕೆ ತಿರುಗಿಕೊಂಡಿರುತ್ತದೆ. ತನ್ನ ಪರಾಗ ತನಗೇ ತಾಗದಿರಲೆಂಬ ಏರ್ಪಾಡು ಇದು. ಮಕರಂದಕ್ಕೆ ಬರುವ ಚಿಟ್ಟೆಯ ರೆಕ್ಕೆಗೆ ಪರಾಗ ಮೆತ್ತಿಕೊಂಡು ಮುಂದಿನ ಹೂವನ್ನು ಸೇರುತ್ತದೆ. ಸೂರಕ್ಕಿಯೂ ಬರುವುದುಂಟು. ಔಷಧಿಯ ಬೀಜಕ್ಕಾಗಿ ಇದನ್ನು ಹೊಲಗಳಲ್ಲಿ ಬೆಳೆಯುವ ತಮಿಳುನಾಡಿನ ರೈತರು ಚಿಟ್ಟೆಗಳನ್ನೇ ನಂಬಿ ಕೂರಲಾರದೆ ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಚಿಟ್ಟೆಯ ಕೆಲಸಕ್ಕೆ ಕೂಲಿ ಎಷ್ಟಾಗುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇನ್ನು ಹೇಳಲೇಬೇಕಾದ ಮಾತು. ಈ ಗಿಡದ ಬೇರು, ಎಲೆ, ಹೂ, ಬೀಜ ಎಲ್ಲವೂ ವಿಷ. ಗೆಡ್ಡೆ ಮತ್ತು ಬೀಜಗಳಂತೂ ಘೋರ ವಿಷ. ಇದರಲ್ಲಿರುವ ಕಾಲ್ಚಿಸೀನ್ ಅಳತೆಯಲ್ಲಿ ಗೌಟ್ ಎಂಬ ಕೀಲುನೋವಿಗೆ ಮದ್ದು, ಅಳತೆ ಮೀರಿದರೆ ಮೃತ್ಯು. ಗೆಣಸೆಂದು ಭ್ರಮಿಸಿ ಗೆಡ್ಡೆಯನ್ನು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ವಾಂತಿ ಭೇದಿಗಳು ಕೆಲವು ಗಂಟೆಗಳ ಮೇಲೆ ಕಾಣಿಸಿಕೊಳ್ಳುವುದರಿಂದ, ಬಾಯಿಗೆ ಹೋಯಿತೆಂಬ ಅನುಮಾನ ಬಂದರೂ ಸಾಕು, ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ತೆವಳುವ ಕೂಸು, ಕಟ್ಟಿಹಾಕದ ಹಸು ಇರುವ ಮನೆಗಳಿಗೆ ಇದು ಬೇಡವೇ ಬೇಡ. ಅಂಥವರು ಕೆಂಪು ದಾಸವಾಳದಲ್ಲಿ ತೃಪ್ತಿಪಡಲಿ.

ಉಳಿದವರು ಮುಂಗಾರಿನ ಮೊದಲಿಗೆ, ನೀರು ನಿಲ್ಲದ ಮರಳುಮಿಶ್ರಿತ ಮಣ್ಣಿನಲ್ಲಿ, ನಾಲ್ಕು ಬೆರಳಷ್ಟು ಆಳದಲ್ಲಿ ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ ನೆಡಬಹುದು. ಕೈಗೆ ಚೀಲ ಹಾಕಿಕೊಳ್ಳುವುದು ಒಳ್ಳೆಯದು. ಗೆಡ್ಡೆಯ ತುದಿಯಲ್ಲಿರುವ ಮೊಳಕೆಯ ಕಣ್ಣು ಮುರಿದರೆ ಆ ವರ್ಷದ ಹೂವಿನ ಆಸೆ ಬಿಟ್ಟಂತೆಯೇ. ಬೀಜದಿಂದ ಬೆಳೆಸಹೊರಟರೆ ಹೂವಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಆದರೂ ಬೇಲಿಯಲ್ಲಿರುವ ಕಾಡುಗೆಡ್ಡೆಯನ್ನು ಕೀಳಬೇಡಿ. ಮದ್ದಿನ ವ್ಯಾಪಾರಕ್ಕಾಗಿ ಅಗೆದು ಅಗೆದು ಅದು ಹಲವೆಡೆ ವಿರಳವಾಗಿದೆ. ಸಸ್ಯಕ್ಷೇತ್ರದಲ್ಲಿಯೇ ಕೊಳ್ಳಿರಿ.

ಬಳ್ಳಿ ಹಳದಿಗಟ್ಟಿದ ಮೇಲೆ ನೀರು ನಿಲ್ಲಿಸಿ, ಗೆಡ್ಡೆಯಿರುವ ಜಾಗಕ್ಕೆ ಒಂದು ಗುರುತಿನ ಗೂಟ ನೆಡಿರಿ. ಚೈತ್ರ ವೈಶಾಖಗಳಲ್ಲಿ ಬರಿಯ ಮಣ್ಣೆಂದು ಅಲ್ಲಿಗೆ ಗುದ್ದಲಿ ಹಾಕುವವರು ಎಲ್ಲ ಮನೆಗಳಲ್ಲಿಯೂ ಒಬ್ಬರಿರುತ್ತಾರೆ.