ತುಂಬಿಟ್ಟ ಗಾಳಿ ಹಳಸುವುದೇ?

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನು ಬಿಟ್ಟು ಹೊರಟ ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕಿ, ಮುಂದೆ ಮೂಡಲಗಿ ತಾಲ್ಲೂಕಿನ ಹಳ್ಳಿಗಳ ಅಂಚಿನಲ್ಲಿ ಹರಿದು ಕೃಷ್ಣೆಯ ಕಡೆಗೆ ಸಾಗುತ್ತದೆ. ಬೇಸಗೆಯಲ್ಲಿ ಬಂಡೆಗಳ ನಡುವೆ ಬಡಕಲಾಗುವ ಈ ಹೊಳೆಯೇ 2019ರ ಆಗಸ್ಟ್ ತಿಂಗಳಲ್ಲಿ ಉಕ್ಕಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿತು. ಇಂತಹ ನೀರಿನ ಆಳಕ್ಕೆ ಇಳಿದು ಹುಡುಕಬೇಕಾದ ಮುಳುಗುಗಾರನು ಬೆನ್ನ ಮೇಲೆ ಗಾಳಿಯ ಸಿಲಿಂಡರನ್ನು ಹೊತ್ತಿರುತ್ತಾನೆ. ಹೊಗೆ ತುಂಬಿದ ಕಟ್ಟಡವನ್ನು ಹೊಗುವ ಅಗ್ನಿಶಾಮಕ ದಳದವನಿಗೂ ಅಂತಹದೇ ಸಿಲಿಂಡರು ಆಧಾರ. ನೆರೆಯಾಗಲಿ ಬೆಂಕಿಯಾಗಲಿ ಹೇಳಿ ಬರುವುದಿಲ್ಲ. ಆದುದರಿಂದ ಇವನ್ನು ಮೊದಲೇ ತುಂಬಿ ಇಡಬೇಕಾಗುತ್ತದೆ. ಕರೆ ಬರುವುದು ನಾಳೆಯೋ, ಆರು ತಿಂಗಳ ಮೇಲೋ! ಅಷ್ಟು ದಿನ ಲೋಹದ ಗೋಡೆಗಳೊಳಗೆ ಸೆರೆಯಾಗಿದ್ದ ಗಾಳಿ ಉಸಿರಾಟಕ್ಕೆ ಯೋಗ್ಯವಾಗಿ ಉಳಿದಿರುವುದೇ?

ಗಾಳಿ ತಾನಾಗಿ ಹಳಸುವುದಿಲ್ಲ. ಅದರಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಸಾಧಾರಣ ಉಷ್ಣತೆಯಲ್ಲಿ ಇವೆರಡೂ ಒಂದರೊಡನೊಂದು ಸಂಯೋಗ ಹೊಂದುವುದಿಲ್ಲ. ಆಮ್ಲಜನಕವು ಸಾರಜನಕಕ್ಕಿಂತ ಸ್ವಲ್ಪ ಭಾರವಾದುದರಿಂದ ಕಾಲಕ್ರಮದಲ್ಲಿ ತಳಕ್ಕೆ ಇಳಿಯಬಹುದಲ್ಲವೆ, ಎಂದು ಜಾಣ ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಚೆನ್ನಾಗಿದೆ. ಆದರೆ ಅನಿಲದ ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಓಡಾಡುತ್ತ ಒಂದನ್ನೊಂದು ತಾಕುತ್ತಿರುತ್ತವೆ. ಅವುಗಳ ಈ ಕೋಲಾಹಲದ ಮುಂದೆ ಗುರುತ್ವದ ಪ್ರಭಾವ ಗೋಚರವಾಗಬೇಕಾದರೆ ಕಿಲೋಮೀಟರುಗಳ ಎತ್ತರ ಬೇಕು. ಮೊಳದೆತ್ತರದ ಸಿಲಿಂಡರಿನಲ್ಲಿ ಅದು ಲೆಕ್ಕಕ್ಕೇ ಬಾರದು.

ಹಾಗಾದರೆ ಭಯವೆಲ್ಲಿ? ನೀರಿನಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ, ಮೆತ್ತನೆಯ ರೊಟ್ಟಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಅಲ್ಲಿ ಕೆಡಿಸುವವು ಶಿಲೀಂಧ್ರಗಳು, ಇಲ್ಲಿ ಕೆಡಿಸುವುದು ತುಕ್ಕು. ಎರಡಕ್ಕೂ ತೇವ ಬೇಕು. ಮಳೆಗಾಲದಲ್ಲಿ ಜಲಪಾತದ ಬಳಿಯ ಗಾಳಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವದಿಂದ ಪರಿಪೂರಿತವಾಗಿದ್ದರೆ ಅದರ ಒಂದು ಘನ ಮೀಟರಿನಲ್ಲಿ ಸುಮಾರು 23 ಗ್ರಾಂ ನೀರಿನ ಆವಿ ಇರುತ್ತದೆ. 12 ಲೀಟರ್ ಒಳ ಅಳತೆಯ ಸಿಲಿಂಡರಿಗೆ 200 ವಾಯುಭಾರದ ಒತ್ತಡದಲ್ಲಿ ತುಂಬುವುದು ಸುಮಾರು 2400 ಲೀಟರ್ ಗಾಳಿ. ಅದರೊಡನೆ ಬರುವ ನೀರು ಸುಮಾರು 55 ಗ್ರಾಂ. ಆದರೆ ಅದೇ ಉಷ್ಣತೆಯಲ್ಲಿ 12 ಲೀಟರ್ ಎಡೆಯಲ್ಲಿ ಆವಿಯಾಗಿ ನಿಲ್ಲಬಲ್ಲುದು ಸ್ಥೂಲವಾಗಿ ಕಾಲು ಗ್ರಾಮಿಗಿಂತ ತುಸು ಹೆಚ್ಚು ಮಾತ್ರ. ಮಿಕ್ಕಿದ್ದೆಲ್ಲ ದ್ರವವಾಗುತ್ತದೆ. ಆದುದರಿಂದಲೇ ಒಳ್ಳೆಯ ಕಂಪ್ರೆಸರಿನಲ್ಲಿ ನೀರನ್ನು ಬೇರ್ಪಡಿಸುವ, ಗಾಳಿಯನ್ನು ಒಣಗಿಸುವ, ಎಣ್ಣೆಯ ಅಂಶವನ್ನು ಹೀರುವ ಭಾಗಗಳು ಇರುತ್ತವೆ. ಇವುಗಳನ್ನು ಸಕಾಲದಲ್ಲಿ ಬದಲಿಸದವನು ಸಿಲಿಂಡರಿಗೆ ಗಾಳಿಯ ಜೊತೆ ನೀರನ್ನೂ ತುಂಬಿಸುತ್ತಾನೆ.

ಉಕ್ಕಿನ ಸಿಲಿಂಡರಿನೊಳಗೆ ನೀರು ಸೇರಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಎಂದರೆ ಕಬ್ಬಿಣವು ಆಮ್ಲಜನಕವನ್ನು ನುಂಗುವ ಕ್ರಿಯೆ. ನಾವು ಒಂದು ಲೆಕ್ಕ ಹಾಕಿ ನೋಡಿದೆವು. ಮೇಲೆ ಹೇಳಿದ ಸಿಲಿಂಡರು ಪೂರ್ತಿ ತುಂಬಿದ್ದಾಗ ಆಮ್ಲಜನಕವು ನೂರಕ್ಕೆ 21ರಿಂದ 16ಕ್ಕೆ ಇಳಿಯಬೇಕಾದರೆ ಸುಮಾರು 430 ಗ್ರಾಂ ಕಬ್ಬಿಣ ತುಕ್ಕಾಗಬೇಕು. ಅದು ಅಲ್ಪಕಾಲದ ಮಾತಲ್ಲ. ಆದರೆ ಒಳಗೆ 10 ವಾಯುಭಾರದಷ್ಟೇ ಗಾಳಿ ಉಳಿದಿದ್ದರೆ? ಆಗ ಕೇವಲ 21 ಗ್ರಾಂ ಕಬ್ಬಿಣ ಸಾಕು! ಅರೆಬರೆ ಖಾಲಿಯಾಗಿ ಮೂಲೆಯಲ್ಲಿ ಬಿದ್ದ ಹಳೆಯ ಉಕ್ಕಿನ ಸಿಲಿಂಡರನ್ನು ನಂಬಬಾರದೆಂಬುದಕ್ಕೆ ಇದೇ ಕಾರಣ. ಅಲ್ಯೂಮಿನಿಯಂ ಸಿಲಿಂಡರಿಗೆ ಈ ತೊಡಕು ಬಹುಮಟ್ಟಿಗೆ ಇಲ್ಲ. ಅದರ ಮೇಲ್ಮೈಯಲ್ಲಿ ಏರ್ಪಡುವ ತೆಳ್ಳನೆಯ ಆಕ್ಸೈಡಿನ ಪೊರೆಯೇ ಒಳಲೋಹಕ್ಕೆ ಕವಚವಾಗುತ್ತದೆ.

ಆಮ್ಲಜನಕ ಕುಗ್ಗಿದ ಗಾಳಿಯ ಮೋಸ ವಿಚಿತ್ರವಾದುದು. ನಮ್ಮ ದೇಹಕ್ಕೆ ಉಸಿರು ಕಟ್ಟಿದ ಅನುಭವ ಬರುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡು ಹೆಚ್ಚಿದಾಗ, ಆಮ್ಲಜನಕ ತಗ್ಗಿದಾಗಲ್ಲ. ಅದೂ ಅಲ್ಲದೆ ನೀರಿನಲ್ಲಿ ಹತ್ತು ಹತ್ತು ಮೀಟರ್ ಇಳಿದಂತೆ ಒತ್ತಡ ಒಂದೊಂದು ವಾಯುಭಾರ ಏರುತ್ತದೆ. ಆಮ್ಲಜನಕ ನೂರಕ್ಕೆ 5 ಪಾಲಿಗೆ ಇಳಿದ ಗಾಳಿಯನ್ನು 30 ಮೀಟರ್ ಆಳದಲ್ಲಿ ಉಸಿರಾಡಿದರೆ, ಅಲ್ಲಿ ಒತ್ತಡ ನಾಲ್ಕುಪಟ್ಟಾಗಿರುವುದರಿಂದ ಅದು ನೆಲದ ಮೇಲಿನ 20 ಪಾಲಿನಂತೆ ವರ್ತಿಸುತ್ತದೆ. ಮುಳುಗುಗಾರನಿಗೆ ಏನೂ ತಿಳಿಯದು. ಮೇಲಕ್ಕೆ ಬಂದಂತೆ ಅದರ ಬಲ ಕುಂದಿ, ಬೆಳಕು ಕಾಣುವ ಹೊತ್ತಿಗೆ ಅವನು ಪ್ರಜ್ಞೆ ತಪ್ಪಬಹುದು.

ಇಂಗಾಲದ ಮಾನಾಕ್ಸೈಡಿನ ರೀತಿ ಇದಕ್ಕೆ ತಿರುಗುಮುರುಗು. ಅದು ಶೇಖರಣೆಯ ದೋಷವಲ್ಲ, ತುಂಬುವಾಗಿನ ದೋಷ: ಕಂಪ್ರೆಸರು ಗಾಳಿಯನ್ನು ಎಳೆಯುವ ಬಾಯಿಯ ಬಳಿ ಎಂಜಿನ್ನಿನ ಹೊಗೆ ಸುಳಿದರೆ ಸಾಕು. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಯುರೋಪಿನ ಇ.ಎನ್. 12021 ಮಾನಕವು ಉಸಿರಾಟದ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು 5 ಪಾಲನ್ನು ಮೀರಬಾರದೆಂದು ವಿಧಿಸುತ್ತದೆ. ನೆಲದ ಮೇಲೆ ಅಲ್ಪವೆನಿಸುವ ವಿಷ 30 ಮೀಟರ್ ಆಳದಲ್ಲಿ ನಾಲ್ಕುಪಟ್ಟು ಪ್ರಬಲವಾಗುತ್ತದೆ. ಅರೆಖಾಲಿ ಸಿಲಿಂಡರು ಮೇಲೇರುವವನನ್ನು ಕೆಡವಿದರೆ ಹೊಗೆಗಾಳಿ ಕೆಳಗಿಳಿದವನನ್ನು ಕೆಡವುತ್ತದೆ.

ಇಟ್ಟುಕೊಳ್ಳುವವರಿಗೆ ಇಲ್ಲೊಂದು ಇಕ್ಕಟ್ಟಿದೆ. ಪೂರ್ತಿ ತುಂಬಿಟ್ಟರೆ ಆಮ್ಲಜನಕದ ದಾಸ್ತಾನು ದೊಡ್ಡದು, ಆದರೆ ತೇವವಿದ್ದಲ್ಲಿ ಹೆಚ್ಚಿನ ಒತ್ತಡದ ಆಮ್ಲಜನಕದಿಂದ ತುಕ್ಕೂ ಚುರುಕಾಗಿ ಲೋಹದ ಗೋಡೆ ಸವೆಯುತ್ತದೆ. ಕಡಿಮೆ ಒತ್ತಡದಲ್ಲಿಟ್ಟರೆ ಗೋಡೆ ಉಳಿಯುತ್ತದೆ, ಗಾಳಿ ಉಳಿಯುವ ಭರವಸೆಯಿಲ್ಲ. ವರುಷಕ್ಕೊಮ್ಮೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಮುಳುಗುವ ಹವ್ಯಾಸಿಯು ಸ್ವಲ್ಪವೇ ಒತ್ತಡ ಉಳಿಸಿ, ಹೊರಡುವ ಮೊದಲು ಹಳೆಯದನ್ನು ಹೊರಬಿಟ್ಟು ಹೊಸದನ್ನು ತುಂಬಿಸುವುದು ಸರಿ. ರಕ್ಷಣಾದಳಕ್ಕೆ ಆ ಸೌಲಭ್ಯವಿಲ್ಲ. ಅವರು ಒಣ ಗಾಳಿಯನ್ನೇ ಪೂರ್ತಿ ತುಂಬಿಸಿ, ನೆರಳಿನಲ್ಲಿಟ್ಟು, ಆಗಾಗ ಬದಲಿಸುತ್ತ, ಒಳಗೋಡೆಯನ್ನು ಪರೀಕ್ಷಿಸಿಸುತ್ತಿರಬೇಕೆಂಬುದು ನಮ್ಮ ಅಭಿಮತ. ನೆರಳು ಏಕೆಂದರೆ, 27 ಡಿಗ್ರಿಯಲ್ಲಿ 200 ವಾಯುಭಾರವಿದ್ದುದು ಬಿಸಿಲಿಗೆ 57 ಡಿಗ್ರಿಗೆ ಕಾದರೆ 220ಕ್ಕೆ ಏರುತ್ತದೆ.

ಸಂದೇಹ ಬಂದಾಗ ಆಮ್ಲಜನಕ ಮಾಪಕದ ಮುಂದೆ ಸ್ವಲ್ಪ ಗಾಳಿ ಬಿಟ್ಟು ನೋಡಬಹುದು. ಸಾಮಾನ್ಯ ಮಾಪಕದೊಳಗೆ ಇರುವುದು ಸೀಸದ ಒಂದು ಪುಟ್ಟ ವಿದ್ಯುತ್ಕೋಶ. ಬಂದ ಆಮ್ಲಜನಕವು ಆ ಸೀಸವನ್ನು ಆಕ್ಸೈಡಾಗಿಸುತ್ತದೆ. ಹುಟ್ಟುವ ವಿದ್ಯುತ್ ಪ್ರವಾಹದಿಂದ ಆಮ್ಲಜನಕದ ಪ್ರಮಾಣ ತಿಳಿಯುತ್ತದೆ. ಸಿಲಿಂಡರಿನಲ್ಲಿ ಕಳ್ಳನಾಗಿದ್ದ ಕ್ರಿಯೆಯ ಬಂಧುವೇ ಇಲ್ಲಿ ಕಾವಲುಗಾರ. ಸೀಸವೆಲ್ಲ ಸವೆದ ಮೇಲೆ ಈ ಕೋಶವನ್ನೂ ಬದಲಿಸಬೇಕು.