ಬರ್ಮಿಂಗ್‌ಹ್ಯಾಂ ಚಳಿಯಲ್ಲಿ ಹುಟ್ಟಿದ ‘ಸಂಸ್ಕಾರ’!

ನಮ್ಮ ಸಿನಿಮಾಗಳ ‘ಫಾರಿನ್ ರಿಟರ್ನ್’ ಹೀರೋನ ನೀವು ನೋಡೇ ಇರ್ತೀರಿ. ವಿಮಾನದ ಮೆಟ್ಟಿಲು ಇಳೀತಾನೆ, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಸೂಟ್‌ಕೇಸು. ಅಮ್ಮ ಆರತಿ ಎತ್ತುತ್ತಾಳೆ. ಅಲ್ಲಿ ಅವನು ಏನು ಉಂಡ, ಯಾರ ಜೊತೆ ಮಾತಾಡಿದ, ಯಾವ ರಾತ್ರಿ ಒಬ್ಬನೇ ಕೂತು ಅತ್ತ... ಊಹೂಂ, ಒಂದು ರೀಲೂ ಇಲ್ಲ!

ಆದರೆ ಕನ್ನಡ ಚಿತ್ರರಂಗದ ದಿಕ್ಕನ್ನೇ ತಿರುಗಿಸಿದ ಚಿತ್ರವೊಂದರ ಕಥೆ ಹುಟ್ಟಿದ್ದು ಆ ಕಾಣದ ರೀಲಿನಲ್ಲೇ ಅಂದರೆ ನಂಬ್ತೀರಾ?

1963ರಲ್ಲಿ ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯ ಸೇರಿದರು. ಇಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರೇ. ಆದರೂ ಬೆಳಗಿಂದ ರಾತ್ರಿವರೆಗೆ ಇಂಗ್ಲಿಷಿನಲ್ಲೇ ಬದುಕೋದು ಅವರಿಗೂ ಆಯಾಸವಾಗಿತ್ತು. ಒಂದು ದಿನ ತಮ್ಮ ಗುರು, ಕಾದಂಬರಿಕಾರ ಮಾಲ್ಕಂ ಬ್ರಾಡ್ಬರಿ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. ಸ್ವೀಡನ್ ಭಾಷೆಯ ಚಿತ್ರ, ಅಡಿಬರಹವೂ ಇಲ್ಲ! ಪ್ಲೇಗ್ ಬಡಿದ ಹಳೇ ಕಾಲದ ಊರುಗಳು, ಸಾವಿನ ಜೊತೆ ಚದುರಂಗ ಆಡುವ ಯೋಧ. ಯುರೋಪಿನವರು ಪುಸ್ತಕ ಓದಿ ಕಟ್ಟಿಕೊಳ್ಳಬೇಕಾದ ಆ ಕಾಲ ನಮ್ಮೂರಿನಲ್ಲಿ ಇನ್ನೂ ಉಸಿರಾಡ್ತಾ ಇದೆಯಲ್ಲ ಅನ್ನೋ ಮಾತು ಗುರುಶಿಷ್ಯರ ನಡುವೆ ಬಂತು. ಅನಂತಮೂರ್ತಿ ಕೋಣೆಗೆ ಬಂದು ಕನ್ನಡದಲ್ಲಿ ಬರೆಯಲು ಕೂತರು. ಪ್ಲೇಗಿನ ಇಲಿ, ಕೊಳೆಯುವ ಹೆಣ, ದೂರ್ವಾಸಪುರದ ಅಗ್ರಹಾರ... ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಬಂತು.

ಅವರಿಗಿಂತ ಮೊದಲೇ ಇನ್ನೊಬ್ಬ ಕನ್ನಡದ ಹುಡುಗ ಹಡಗು ಹತ್ತಿದ್ದ. 1960ರಲ್ಲಿ, ಧಾರವಾಡದಿಂದ ಆಕ್ಸ್‌ಫರ್ಡಿಗೆ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ. ಗಿರೀಶ ಕಾರ್ನಾಡ್! ಮಗ ಬಿಳಿ ಹುಡುಗೀನ ಮದುವೆಯಾಗಿ ಅಲ್ಲೇ ಉಳಿದುಬಿಟ್ಟರೆ ಅಂತ ಮನೆಯವರಿಗೆ ದಿಗಿಲು. ಇಂಗ್ಲಿಷ್ ಕವಿಯಾಗಬೇಕು ಅಂತ ಕನಸು ಕಂಡಿದ್ದ ಆ ಹುಡುಗ, ಹೊರಡುವ ಮುಂಚಿನ ತಳಮಳದಲ್ಲಿ ಬರೆದದ್ದು ಕನ್ನಡ ನಾಟಕ, ‘ಯಯಾತಿ’! ಹಾಗಂತ ಅಲ್ಲಿ ಹೋಗಿ ಮೂಲೆ ಹಿಡೀಲಿಲ್ಲ. 1962–63ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೇ ಆದರು.

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ‘ಸಂಸ್ಕಾರ’ವನ್ನು ಬೆಳ್ಳಿತೆರೆಗೆ ತಂದರು. ಪ್ರಾಣೇಶಾಚಾರ್ಯ ಯಾರು ಹೇಳಿ? ಕಾರ್ನಾಡರೇ! ಕಥೆ ಬರೆದವರೂ ಕಥಾನಾಯಕರೂ ಇಬ್ಬರೂ ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದವರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು, ಅವರು ನಮ್ಮ ಮಲೆನಾಡಿಗೆ ಪರದೇಶಿ! ಸೆನ್ಸಾರಿನವರು ಮೊದಲು ತಡೆದರು. ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ. ಈ ಗಲಾಟೆಯ ಕಥೆ ಎಲ್ಲರೂ ಬರೀತಾರೆ. ನನಗೆ ಅದಕ್ಕಿಂತ ದೊಡ್ಡದು ಆ ಬರ್ಮಿಂಗ್‌ಹ್ಯಾಂ ಕೋಣೆ.

ಕಾರಣ ಇದೆ. ನನ್ನ ಪಿಯುಸಿ ಬೆಂಚಿನ ಗೆಳೆಯ ಈಗ ಅದೇ ಊರಿನಲ್ಲಿ ಎಂ.ಎಸ್ಸಿ. ಓದ್ತಾ ಇದಾನೆ. ನಾನು ಪಿಯುಸಿ ಬಿಟ್ಟೆ, ಅವನು ಬಿಡಲಿಲ್ಲ. ವಿದ್ಯಾರ್ಥಿವೇತನ ಇಲ್ಲ, ಅಪ್ಪ ಅಡಿಕೆ ತೋಟ ಅಡ ಇಟ್ಟು ಸಾಲ ತೆಗೆದಿದಾರೆ. ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಕಾನೂನು. ಡಿಸೆಂಬರಿನಲ್ಲಿ ಫೋನು ಬಂತು: “ಲೋ, ಇಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತೆ ಕಣೋ. ಇಂಗ್ಲಿಷ್ ಮಾತಾಡಿ ಮಾತಾಡಿ ದವಡೆ ನೋಯುತ್ತೆ. ವಾಪಸ್ ಬಂದುಬಿಡ್ತೀನಿ.”

ತೋಟದ ಸಾಲ ನೆನಪಿಸಿದರೆ ಅವನ ಎದೆಗೆ ಒದ್ದಂತೆ. ಬಾ ಅಂದರೆ ಅವರಪ್ಪನ ಎದೆಗೆ. ನನಗೆ ಗೊತ್ತಿರೋದು ಸಿನಿಮಾ ಒಂದೇ ತಾನೇ? ‘ಸಂಸ್ಕಾರ’ ಹುಟ್ಟಿದ್ದು ನಿನ್ನ ಊರಲ್ಲೇ ಕಣೋ ಅಂತ ಈ ಕಥೆಯೆಲ್ಲ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ!

ಎರಡು ದಿನ ಬಿಟ್ಟು ಮತ್ತೆ ಫೋನು. ರಾತ್ರಿ ಮೊಬೈಲಿನಲ್ಲಿ ಪೂರ್ತಿ ನೋಡಿದನಂತೆ.

“ಹೆಂಗಿತ್ತೋ?”

“ಹೆಣ ಎತ್ತೋವರೆಗೂ ಆ ಬ್ರಾಹ್ಮಣರು ಉಣ್ಣೋ ಹಂಗಿಲ್ಲವಲ್ಲೋ, ಅವರ ಹಸಿವು ನೋಡಿ ನಂಗೂ ಹೊಟ್ಟೆ ಚುರುಗುಟ್ಟಿತು. ಮೂರು ಗಂಟೆ ರಾತ್ರೀಲಿ ಎದ್ದು ಚಿತ್ರಾನ್ನ ಕಲಸಿದೆ. ಒಗ್ಗರಣೆ ಘಾಟಿಗೆ ಪಕ್ಕದ ಕೋಣೆಯ ತೆಲುಗು ಹುಡುಗರಿಬ್ಬರೂ ಎದ್ದು ಬಂದರು.”

ವಾಪಸ್ ಬರೋ ಮಾತು ಅವನು ಎತ್ತಲಿಲ್ಲ. ನಾನೂ ಕೇಳಲಿಲ್ಲ. “ಕಾರ್ನಾಡರದು ಇನ್ನೊಂದು ಯಾವುದಾದ್ರೂ ಹೇಳೋ” ಅಂದ. ‘ಕಾಡು’ ನೋಡು ಅಂದೆ.