ನಾಲ್ಕು ಸ್ಟೇಷನ್ ಆಚೆಯ ಇಂಗ್ಲಿಷ್

ಬೆಂಗಳೂರಿನ ದೀಪಾಂಜಲಿ ನಗರದ ಮೆಟ್ರೊ ಸ್ಟೇಷನ್ ಇಳಿದು ಒಳರಸ್ತೆಗೆ ಹೊರಳಿದರೆ ಕರೆಂಟು ಕಂಬಗಳೇ ಮಾತಾಡಿಸುತ್ತವೆ. ಮನೆ ಬಾಡಿಗೆಗಿದೆ, ವಾಷಿಂಗ್ ಮಷಿನ್ ರಿಪೇರಿ. ಇವುಗಳ ನಡುವೆ ‘ಸ್ಪೋಕನ್ ಇಂಗ್ಲಿಷ್, 30 ದಿನದಲ್ಲಿ, ಗ್ಯಾರಂಟಿ’. ಇಂಥ ಕ್ಲಾಸಿಗೆ ಸೇರಲು ಬಂದವರು ಮೊದಲು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: ‘ಅರ್ಥ ಆಗುತ್ತೆ ಸಾರ್, ಮಾತಾಡೋಕೆ ಬರಲ್ಲ.’

ಈ ಗ್ಯಾರಂಟಿಗೆ ಒಬ್ಬ ಹಿರಿಯಣ್ಣನಿದ್ದಾನೆ. ದೆಹಲಿಯ ಪುಸ್ತಕ್ ಮಹಲ್ 1976ರಲ್ಲಿ ಹೊರತಂದ ರ‍್ಯಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್. ಜಾಹೀರಾತಿನಲ್ಲಿ ಕಪಿಲ್ ದೇವ್, ಒಳಗೆ ಅರವತ್ತು ದಿನಗಳ ಪಾಠ. (ಈಗ ಅರ್ಧಕ್ಕರ್ಧ ಡಿಸ್ಕೌಂಟು.) ಅದರ ಕನ್ನಡ ಆವೃತ್ತಿ ನನ್ನಲ್ಲೂ ಇತ್ತು. ಏನು ಓದುತ್ತಿದ್ದೇನೆಂದು ಯಾರಿಗೂ ಗೊತ್ತಾಗಬಾರದೆಂದು ಬ್ರೌನ್ ಪೇಪರಿನ ರಟ್ಟು ಹಾಕಿದ್ದೆ. ಹದಿನೇಳನೆಯ ದಿನ ದಾಟಲಿಲ್ಲ.

ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಒಂದನೇ ತರಗತಿಗೆ ಇಳಿದದ್ದು 2007-08ರಲ್ಲಿ. ಅದಕ್ಕೆ ಮುಂಚೆ ಎಬಿಸಿಡಿ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿನಲ್ಲಿ. ಆದರೆ ತೊಡಕು ತಡವಾದದ್ದರಲ್ಲಷ್ಟೇ ಇರಲಿಲ್ಲ. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡಿ ಪೂರ್ತಿ ಅಂಕ ತೆಗೆದವನೂ ಬ್ಯಾಂಕಿನ ಕೌಂಟರಿನೆದುರು ಬಾಯಿ ಕಟ್ಟಿ ನಿಲ್ಲುತ್ತಿದ್ದ. ಯಾಕೆ ಹೀಗೆ?

ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡ ಸಂಸ್ಥೆ ಇರುವುದು ಮೆಟ್ರೊದ ಇದೇ ನೇರಳೆ ಮಾರ್ಗದಲ್ಲಿ. ದೀಪಾಂಜಲಿ ನಗರದಿಂದ ಕೆಂಗೇರಿ ಕಡೆಗೆ ನಾಲ್ಕನೇ ಸ್ಟೇಷನ್ ಜ್ಞಾನಭಾರತಿ. ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿದೆ, ದಕ್ಷಿಣ ಭಾರತದ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್. 1963ರಲ್ಲಿ ಶುರುವಾದ ಇದರ ಮುಖ್ಯ ಕೆಲಸ ದಕ್ಷಿಣದ ರಾಜ್ಯಗಳ ಮೇಷ್ಟ್ರುಗಳನ್ನು ಇಂಗ್ಲಿಷ್ ಪಾಠಕ್ಕೆ ತಯಾರು ಮಾಡುವುದು. ಆಗಿನ ಪಾಠಕ್ರಮದಲ್ಲಿ ಮೇಷ್ಟ್ರು ಬಾಗಿಲ ಹತ್ತಿರ ಹೋಗಿ, ಅದನ್ನು ತೆಗೆಯುತ್ತ, ‘ಐ ಆ್ಯಮ್ ಓಪನಿಂಗ್ ದ ಡೋರ್’ ಎನ್ನಬೇಕು. ಇಡೀ ಕ್ಲಾಸು ರಾಗವಾಗಿ ಅದನ್ನೇ ಹೇಳಬೇಕು. ಆಮೇಲೆ ಕಿಟಕಿ. ಆಮೇಲೆ ಪೆಟ್ಟಿಗೆ. ವಾಕ್ಯ ತಪ್ಪಿರುತ್ತಿರಲಿಲ್ಲ, ಕಣ್ಣೆದುರೇ ತೆರೆದ ಬಾಗಿಲನ್ನು ತೆರೆಯುತ್ತಿದ್ದೇನೆ ಎಂದು ಹೇಳಬೇಕಾದ ದರ್ದು ಮಾತ್ರ ಯಾರಿಗೂ ಇರಲಿಲ್ಲ.

ಈ ಪಾಠಕ್ರಮವನ್ನು ಪ್ರಶ್ನಿಸಿದವರು ಭಾಷಾ ಬೋಧನೆಯ ತಜ್ಞ ಎನ್.ಎಸ್. ಪ್ರಭು, ಆಗ ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಅವರು ಈ ಸಂಸ್ಥೆಯ ಜೊತೆಗೂಡಿ 1979ರಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದರು. ಬೆಂಗಳೂರಿನ, ತಮಿಳುನಾಡಿನ ಕೆಲವು ಸಾಮಾನ್ಯ ಶಾಲೆಗಳಲ್ಲಿ 1984ರವರೆಗೆ ಅದು ನಡೆಯಿತು. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಟ್ಟರು, ನಕ್ಷೆ ಇಟ್ಟರು. ಇಂಥ ಹೊತ್ತಿಗೆ ಆ ಊರು ಮುಟ್ಟಬೇಕಾದರೆ ಯಾವ ಗಾಡಿ ಹಿಡಿಯಬೇಕು? ಇದು ತಪ್ಪಿದರೆ ಮುಂದಿನದು ಯಾವುದು? ಪ್ರಶ್ನೆ ಇಂಗ್ಲಿಷಿನಲ್ಲಿ, ತಲೆಯೆಲ್ಲ ರೈಲಿನ ಮೇಲೆ. ಮೇಷ್ಟ್ರು ಮೊದಲು ಒಂದು ಲೆಕ್ಕವನ್ನು ಇಡೀ ಕ್ಲಾಸಿನ ಜೊತೆ ಮಾತಾಡುತ್ತ ಬಿಡಿಸುವರು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಉತ್ತರ ಸರಿಯಿದ್ದರೆ ಸರಿ. ವಾಕ್ಯ ಮುರಿದಿದ್ದರೆ ಮೇಷ್ಟ್ರು ತಮ್ಮ ಮಾತಿನಲ್ಲಿ ಅದನ್ನು ನೆಟ್ಟಗೆ ಮಾಡಿ ಮುಂದೆ ಹೋಗುವರು.

ನನಗೆ ಇಷ್ಟವಾಗುವುದು ಇದರ ಇನ್ನೊಂದು ಅಂಶ. ಮಾತಾಡು, ಮಾತಾಡು ಎಂದು ಪ್ರಭು ಮಕ್ಕಳ ಬೆನ್ನು ಹತ್ತಲಿಲ್ಲ. ಮೊದಲು ಗ್ರಹಿಕೆ, ಮಾತು ಅದರ ಹಿಂದೆ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ಈಗಿನ ಕ್ಲಾಸುಗಳಿಗೆ ಪ್ರಿಯವಾದ ಗುಂಪು ಚರ್ಚೆಯನ್ನೂ ಅವರು ಪ್ರೋತ್ಸಾಹಿಸಲಿಲ್ಲ. ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಗಟ್ಟಿಯಾಗುತ್ತದೆ ಎಂಬ ಅಳುಕು. ಹಾಗೆ ನೋಡಿದರೆ ‘ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ’ ಎನ್ನುವವನು ಆಗಲೇ ಅರ್ಧ ದಾರಿ ಬಂದಿದ್ದಾನೆ.

ಪ್ರಭು ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ 1987ರಲ್ಲಿ ಪ್ರಕಟವಾಯಿತು. ಕೆಲಸದ ಮೂಲಕ ಭಾಷೆ ಕಲಿಸುವ ವಿಧಾನದ ಬಗ್ಗೆ ಜಗತ್ತಿನಲ್ಲಿ ಎಲ್ಲೇ ಚರ್ಚೆಯಾದರೂ ಈ ಪ್ರಯೋಗದ, ಅಂದರೆ ‘ಬ್ಯಾಂಗಲೋರ್ ಪ್ರಾಜೆಕ್ಟ್’ನ, ಹೆಸರು ಬಾರದೆ ಇರದು. ನಾಲ್ಕು ಸ್ಟೇಷನ್ ಈಚೆಗಿನ ಗಲ್ಲಿಯ ಕ್ಲಾಸಿಗೆ ಮಾತ್ರ ಅದು ಬಂದು ಮುಟ್ಟಿದಂತಿಲ್ಲ. ಅಲ್ಲಿ ಬೋರ್ಡಿನ ಮೇಲೆ ಇನ್ನೂ ಹನ್ನೆರಡು ಟೆನ್ಸುಗಳ ಕೋಷ್ಟಕ.

ಪ್ರಯೋಗ ನಡೆದದ್ದು ಮಕ್ಕಳ ಮೇಲೆ, ನಿಜ. ಆದರೆ ಮಕ್ಕಳಿಗೆ ಕೆಲಸವನ್ನು ಹುಡುಕಿ ಕೊಡಬೇಕಿತ್ತು. ದೊಡ್ಡವರಿಗೆ ಕೆಲಸ ಕಾದು ನಿಂತಿರುತ್ತದೆ. ದೀಪಾಂಜಲಿ ನಗರದಲ್ಲಿ ಬಿಎಂಟಿಸಿ ಡಿಪೊ ಇದೆಯಲ್ಲ, ಅಲ್ಲಿಂದ ಹೊರಡುವ ಬಸ್ಸು ಹತ್ತಿ ನೋಡಿ. ‘ವೈಟ್‌ಫೀಲ್ಡ್ ನೋ ಮೇಡಂ. ಮೆಜೆಸ್ಟಿಕ್ ಗೆಟ್ ಡೌನ್, ಅದರ್ ಬಸ್ ಚೇಂಜ್. ಚಿಲ್ರೆ ಗಿವ್.’ ಕಂಡಕ್ಟರಿಗೆ ಒಂದಿನಿತೂ ಅಳುಕಿಲ್ಲ. ಆಕೆ ಸರಿಯಾದ ಜಾಗದಲ್ಲಿ ಇಳಿಯಬೇಕು, ಅಷ್ಟೇ ಅವನ ಚಿಂತೆ. ಆಕೆ ಇಳಿಯುತ್ತಾಳೆ ಕೂಡ.

ಅದೇ ಮನುಷ್ಯ ಶನಿವಾರ ಮಗಳ ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದಾಗ ಬೇರೆಯವನೇ ಆಗಿಬಿಡುತ್ತಾನೆ. ಕಳೆದ ವಾರ ಮಗಳು ಯಾಕೆ ಬರಲಿಲ್ಲ ಎಂದು ಟೀಚರ್ ಇಂಗ್ಲಿಷಿನಲ್ಲಿ ಕೇಳುತ್ತಾರೆ. ‘ಅವಳಿಗೆ ಜ್ವರ ಬಂದಿತ್ತು’ ಎಂಬುದು ತಲೆಯೊಳಗೆ ‘ಫೀವರ್ ಕೇಮ್ ಟು ಹರ್’ ಆಗಿ ಹೊರಡುತ್ತದೆ. ಕನ್ನಡದಲ್ಲಿ ಜ್ವರ ತಾನಾಗಿ ನಮ್ಮತ್ತ ಬರುತ್ತದೆ, ಇಂಗ್ಲಿಷಿನಲ್ಲಿ ನಾವೇ ಅದನ್ನು ಇಟ್ಟುಕೊಂಡಿರಬೇಕು. ಕೇಮಾ, ಹ್ಯಾಡಾ? ವಾಕ್ಯ ಹಲ್ಲಿನ ಹಿಂದೆಯೇ ನಿಲ್ಲುತ್ತದೆ. ಪಕ್ಕದಲ್ಲಿ ನಿಂತ ಮಗಳು ಅಪ್ಪನ ಮುಖ ನೋಡಿ, ‘ಐ ಹ್ಯಾಡ್ ಫೀವರ್ ಮಿಸ್’ ಅಂದುಬಿಡುತ್ತಾಳೆ.